ಬ್ಯಾರೆಲ್ ತುದಿಯ ಕೆಂಪು

ತಿರುಮಲ ಪಿಸ್ತೂಲು ಬಿಚ್ಚಿ ಬ್ಯಾರೆಲ್ಲನ್ನು ಹೊರಗೆ ತೆಗೆದ. ಅದನ್ನು ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿ, ಏನೂ ಹೇಳದೆ ಪಕ್ಕದವರ ಕೈಗೆ ಕೊಟ್ಟ. ಅವರು ನೋಡಿ ಮುಂದಿನವರಿಗೆ ದಾಟಿಸಿದರು. ಆಸ್ಟಿನ್ ನಗರದಾಚೆಯ ಶೂಟಿಂಗ್ ರೇಂಜಿನ ತಗಡಿನ ಮಾಡಿನ ಕೆಳಗೆ ಅಂದು ಹದಿನೈದಿಪ್ಪತ್ತು ಕನ್ನಡಿಗರು ಸೇರಿದ್ದರು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆಯವರು ವಿಜಯದಶಮಿಯ ನಂತರದ ಶನಿವಾರ ಹೀಗೆ ಸೇರಿ ಗುರಿ ಹೊಡೆದು, ಬುತ್ತಿ ಬಿಚ್ಚಿ ಉಂಡು ಹೋಗುವುದು ಕೆಲವು ವರ್ಷಗಳಿಂದ ನಡೆದುಬಂದಿತ್ತು. ಎಲ್ಲರ ಕಣ್ಣಿಗೂ ತಾಗಿ ಬಂದ ಬ್ಯಾರೆಲ್ ಕಡೆಗೆ ಸಿದ್ಧಾರೂಢನ ಕೈಗೆ ಬಂತು.

"ನೋಡಿ ಸಿದ್ದು. ನಿಮ್ಮ ಬಣ್ಣ," ಎಂದ ತಿರುಮಲ.

ಗುಂಡು ಹೊರಗೆ ಹಾರುವ ಬಾಯಿಯ ಹತ್ತಿರ ಸೀಸ ಬೂದು ಸಿಪ್ಪೆಯಂತೆ ಕಚ್ಚಿಕೊಂಡಿತ್ತು. ಸಿಪ್ಪೆಯ ನಡುನಡುವೆ ಕೆಂಪು. ತಿರುಮಲ ಬಿಳಿ ಬಟ್ಟೆಯ ಚೂರೊಂದನ್ನು ಕಡ್ಡಿಗೆ ಸಿಕ್ಕಿಸಿ ಒಳಗೆ ತಿರುವಿ ತೆಗೆದ. ಬಟ್ಟೆಗೂ ಕೆಂಪು ಹತ್ತಿತು.

"ಸರಿಯಾಗಿ ಬೇಯ್ಸಿಲ್ಲ. ಹಸಿ ಬಣ್ಣ, ಕಿತ್ಕೊಂಡು ಬಂದಿದೆ."

"ನಾನೂರು ಡಿಗ್ರಿ ಫ್ಯಾರನ್‌ಹೀಟಿಗೆ ಬೇಯಿಸೇನ್ರಿ," ಎಂದ ಸಿದ್ಧಾರೂಢ. "ಪ್ರತಿ ಸಲಾನೂ ಒಂದೆರಡು ಗುಂಡು ಸುತ್ತಿಗಿಲೆ ಬಡದು ನೋಡೇ ಡಬ್ಬಿಗೆ ಹಾಕೋದು ನಾ."

"ಸುತ್ತಿಗೆ ಏನ್ ಹೇಳ್ತೋ ಗೊತ್ತಿಲ್ಲಪ್ಪ. ಬ್ಯಾರೆಲ್ ಹೇಳ್ತಿದೆಯಲ್ಲ." ತಿರುಮಲ ಸುತ್ತ ನೋಡಿದ. "ನಿಮ್ ಹುಬ್ಬಳ್ಳಿ ಕಡೆ ಹೋಳಿ ಜೋರು ಅಂತ ಕೇಳಿದ್ದೆ. ನನ್ ಪಿಸ್ತೂಲಿಗೂ ಎರಚ್ತೀರಿ ಅಂತ ಗೊತ್ತಿರ್ಲಿಲ್ಲ."

ಎಲ್ಲರೂ ನಕ್ಕರು. ಸಿದ್ಧಾರೂಢ ಅಂದು ಬೆಳಿಗ್ಗೆ ಸ್ನೇಹಿತರಿಗೆಲ್ಲ ತಾನೇ ಮನೆಯಲ್ಲಿ ಸೀಸ ಹೊಯ್ದು ಬಣ್ಣದ ಲೇಪ ಹಚ್ಚಿದ ಕೆಂಪು ಗುಂಡುಗಳನ್ನು ಒಂದೊಂದು ಡಬ್ಬಿ ಹಂಚಿದ್ದ. ನಗು ನಿಂತ ಮೇಲೆ ಒಬ್ಬೊಬ್ಬರಾಗಿ ಬಂದು, ಇನ್ನೂ ಬಿಚ್ಚದ ಡಬ್ಬಿಗಳನ್ನು ಅವನ ಮೇಜಿನ ಮೇಲೆ ಸದ್ದಾಗದಂತೆ ಇಟ್ಟು ಹೋದರು. ಊಟದ ಹೊತ್ತಿಗೆ ಅವನಿಗೆ 'ಹೋಳಿ ಸಿದ್ದು' ಎಂಬ ಹೆಸರು ಬಿದ್ದಿತ್ತು.

ಬೇರೆ ಯಾರಿಗಾದರೂ ಇದು ಮರೆತುಹೋಗುವ ತಮಾಷೆ. ಸಿದ್ಧಾರೂಢನ ಉದ್ಯೋಗವೇ ಲೇಪ. ಆಸ್ಟಿನ್ನಿನ ಚಿಪ್ ಕಾರ್ಖಾನೆಯೊಂದರಲ್ಲಿ ಸಿಲಿಕಾನ್ ಬಿಲ್ಲೆಗಳ ಮೇಲೆ ಕೂದಲಿಗಿಂತ ತೆಳುವಾದ ಪದರಗಳನ್ನು ಕೂರಿಸುವ ವಿಭಾಗದ ಮುಖ್ಯಸ್ಥ ಅವನು. ಪದರ ಎದ್ದರೆ, ಬಿರುಕು ಬಿಟ್ಟರೆ, ಯಾಕೆ ಎಂದು ಅವನನ್ನೇ ಕೇಳುತ್ತಾರೆ. ರೇಂಜಿಗೆ ಬರುವ ಗುಂಪಿನಲ್ಲಿ ಅದೇ ಕಾರ್ಖಾನೆಯ ಇಬ್ಬರಿದ್ದರು. ಸೋಮವಾರ ಮಧ್ಯಾಹ್ನದೊಳಗೆ ಹೆಸರು ಕ್ಯಾಂಟೀನಿಗೂ ಬಂದಿತ್ತು. ಆಸ್ಟಿನ್ ಪಕ್ಕದ, ತಾನಿರುವ ಸೀಡರ್ ಪಾರ್ಕಿನ ದೀಪಾವಳಿ ಕೂಟದಲ್ಲಿ, ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಯಾರೋ ಹಿಂದಿನಿಂದ, "ಬಿಳಿ ಅಂಗಿ ಹಾಕಿದೀನಿ, ಸ್ವಲ್ಪ ದೂರ ನಿಂತ್ಕೊಳ್ಳಿ ಸಿದ್ದು" ಎಂದರು. ಅವನ ಹೆಂಡತಿ ಪ್ರೇರಣಾ ತಿರುಗಿ ನೋಡಿದಳು. ಅವನು ನೋಡಲಿಲ್ಲ. ಧ್ವನಿ ಯಾರದೆಂದು ಮಾತ್ರ ನೆನಪಿಟ್ಟುಕೊಂಡ.

ತಿರುಮಲ ಇರುವುದು ಡಲ್ಲಾಸಿನ ಪ್ಲೇನೋದಲ್ಲಿ. ಮೈಸೂರಿನವನು, ಮಾತುಗಾರ. ವಾರದ ದಿನಗಳಲ್ಲಿ ಐಟಿ ಗುತ್ತಿಗೆ ಕೆಲಸ, ಶನಿವಾರ ಹೊಸಬರಿಗೆ ಪಿಸ್ತೂಲು ತರಬೇತಿ. ಅವನ ತರಗತಿಯ ಮೊದಲ ಪಾಠ ಕಲಿತವರಿಗೆಲ್ಲ ಬಾಯಿಪಾಠ: "ಕೈಗೆ ತಗೊಂಡ ತಕ್ಷಣ ಖಾಲಿ ಇದೆಯಾ ನೋಡಿ. ಹೊಡೆಯೋ ಮುಂಚೆ ಬ್ಯಾರೆಲ್ ಬಿಚ್ಚಿ ಒಳಗೆ ನೋಡಿ. ನೋಡದೆ ಹೊಡೆಯೋನಿಗೆ ನನ್ ಕ್ಲಾಸಲ್ಲಿ ಜಾಗ ಇಲ್ಲ." ಆ ಅಕ್ಟೋಬರ್ ಆದಮೇಲೆ ಪಾಠಕ್ಕೆ ಒಂದು ಪ್ರದರ್ಶನವೂ ಸೇರಿತು. ಕೆಂಪು ಹತ್ತಿದ ಬಟ್ಟೆಯ ಚೂರನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮನೆಯಲ್ಲಿ ಲೇಪ ಹಚ್ಚಿದ ಗುಂಡು ಬಳಸಿದರೆ ಏನಾಗುತ್ತದೆ ಎಂದು ಅವನು ಪ್ರತಿ ತಂಡಕ್ಕೂ ತೋರಿಸುತ್ತಿದ್ದ. ಈ ಸುದ್ದಿಯನ್ನು ಸಿದ್ಧಾರೂಢನಿಗೆ ಫೋನಿನಲ್ಲಿ ಹೇಳಿದವನು ಹ್ಯೂಸ್ಟನ್ ಬಳಿಯ ಶುಗರ್ ಲ್ಯಾಂಡಿನ ಡಾಕ್ಟರ್ ಅಭಿರಾಮ. ಅವನಿಗೆ ಇಬ್ಬರೂ ಸ್ನೇಹಿತರು.

"ಹೆಸರು ಹೇಳ್ತಾನೇನ್ರಿ?" ಎಂದು ಕೇಳಿದ ಸಿದ್ಧಾರೂಢ.

"ಹೆಸರು ಹೇಳಲ್ಲ. 'ಆಸ್ಟಿನ್ ಸ್ನೇಹಿತರೊಬ್ಬರು' ಅಂತಾನೆ. ಎಲ್ರಿಗೂ ಗೊತ್ತಾಗತ್ತೆ ಬಿಡಿ."

ಮನೆಯಲ್ಲಿ ಸೀಸ ಕರಗಿಸಿ ಅಚ್ಚಿಗೆ ಹೊಯ್ದು ಗುಂಡು ಮಾಡುವವರಿಗೆಲ್ಲ ಇರುವ ತಲೆನೋವು ಒಂದೇ. ಬರಿ ಸೀಸ ಮೆದು. ಬಿಸಿಯಲ್ಲಿ ಉಜ್ಜಿಕೊಂಡು ಹೋಗುವಾಗ ಬ್ಯಾರೆಲ್ಲಿಗೆ ಮೆತ್ತಿಕೊಳ್ಳುತ್ತದೆ. ಸೀಸಕ್ಕೂ ಉಕ್ಕಿಗೂ ನಡುವೆ ಏನಾದರೂ ಇರಬೇಕು. ಅದು ಏನಿರಬೇಕು ಎಂಬುದರ ಮೇಲೆ ಹವ್ಯಾಸಿಗಳಲ್ಲಿ ಪಂಗಡಗಳೇ ಇವೆ. ಆ ಚಳಿಗಾಲ ಸಿದ್ಧಾರೂಢ ತನ್ನ ಗ್ಯಾರೇಜಿನಲ್ಲಿ ಎಲ್ಲ ಪಂಗಡಗಳ ವಿಧಾನವನ್ನೂ ಮಾಡಿ ನೋಡಿದ. ಅದು ಒಂದು ಬಗೆಯಲ್ಲಿ ತನ್ನ ಮೇಲೆ ತಾನೇ ನಡೆಸಿದ ತನಿಖೆ.

ಮೊದಲನೆಯದು ಅವನದೇ ವಿಧಾನ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಗುಂಡು, ಬಣ್ಣದ ಪುಡಿ, ಒಂದಿಷ್ಟು ಪ್ಲಾಸ್ಟಿಕ್ ಮಣಿ ಹಾಕಿ ಕುಲುಕುವುದು. ಉಜ್ಜಾಟದಿಂದ ಹುಟ್ಟುವ ಸ್ಥಿರ ವಿದ್ಯುತ್ತಿಗೆ ಪುಡಿ ಗುಂಡಿಗೆ ಅಂಟುತ್ತದೆ. ಆಮೇಲೆ ಓವನ್ನಿನಲ್ಲಿ ಬೇಯಿಸಿದರೆ ಪುಡಿ ಕರಗಿ ಗಟ್ಟಿ ಕವಚವಾಗುತ್ತದೆ. ಆ ಓವನ್ನು ಗ್ಯಾರೇಜಿಗೇ ಮೀಸಲು, ಅಡುಗೆಮನೆಯ ಹೊಸಿಲು ದಾಟುವಂತಿಲ್ಲ. ಪ್ರೇರಣಾ ಹಾಗೆಂದು ಅದರ ಬಾಗಿಲ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದಳು. ಇನ್ನೊಂದು ಸ್ಪ್ರೇ ಗನ್ನಿನ ವಿಧಾನ: ಗುಂಡುಗಳನ್ನು ಲೋಹದ ತಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ, ವಿದ್ಯುತ್ ತುಂಬಿದ ಪುಡಿಯನ್ನು ಊದುವುದು. ಪದರ ಎಲ್ಲ ಕಡೆ ಸಮ, ಆದರೆ ನಿಲ್ಲಿಸುವಷ್ಟರಲ್ಲಿ ಬೆನ್ನು ಬೀಳುತ್ತದೆ. ದ್ರವ ಲೇಪ ಹಚ್ಚುವವರು ಬಣ್ಣಕ್ಕೆ ಗಟ್ಟಿಗೊಳಿಸುವ ರಾಸಾಯನಿಕ ಬೆರೆಸಿ ತೆಳುವಾಗಿ ಹಚ್ಚಿ, ಒಣಗಿಸಿ, ಬೇಯಿಸಿ, ಮತ್ತೆ ಹಚ್ಚಿ, ಮತ್ತೆ ಬೇಯಿಸುತ್ತಾರೆ. ತಾಳ್ಮೆಯಿದ್ದವರಿಗೆ ಮಾತ್ರ. ಎಲ್ಲಕ್ಕಿಂತ ಹಳೆಯದು ಮೇಣ. ಬೇಯಿಸುವ ಗೋಜಿಲ್ಲ, ಹೊಗೆ ಮಾತ್ರ ವಿಪರೀತ.

ಸಿದ್ಧಾರೂಢ ಇನ್ನೂ ಒಂದು ಕೆಲಸ ಮಾಡಿದ. ಬೇಕೆಂದೇ ಅರೆಬೆಂದ ಗುಂಡುಗಳನ್ನು ತಯಾರಿಸಿ ತನ್ನ ಪಿಸ್ತೂಲಿನಿಂದ ಹೊಡೆದ. ತಿರುಮಲ ಹೇಳಿದಂತೆ ಬಣ್ಣ ಕಿತ್ತುಬಂತು, ಸೀಸವೂ ಮೆತ್ತಿತು. ಆದರೆ ಬುಡದಿಂದಲೇ. ಗುಂಡು ಬ್ಯಾರೆಲ್ಲಿನೊಳಗೆ ಹೆಜ್ಜೆಯಿಡುವ ಜಾಗದಿಂದ ಶುರುವಾಗಿ ಉದ್ದಕ್ಕೂ ಗೆರೆಗೆರೆಯಾಗಿ. ತಿರುಮಲ ಅಂದೇ ತನ್ನ ಬ್ಯಾರೆಲ್ಲಿನ ಫೋಟೋ ತೆಗೆದು ಗುಂಪಿನ ವಾಟ್ಸ್ಯಾಪಿಗೆ ಹಾಕಿದ್ದ; ಅದನ್ನು ಅವನು ದೊಡ್ಡದು ಮಾಡಿ ನೋಡಿದ. ಆ ಬ್ಯಾರೆಲ್ಲಿನ ಬುಡ, ನಡು ಎರಡೂ ಹೊಳೆಯುತ್ತಿದ್ದವು. ಕೊಳೆ ಇದ್ದದ್ದು ತುದಿಯಲ್ಲಿ ಮಾತ್ರ.

ಲೇಪ ಕೆಟ್ಟದಾಗಿದ್ದರೆ ತುದಿಯವರೆಗೆ ಚೆನ್ನಾಗಿ ಬಂದು ಅಲ್ಲೇ ಯಾಕೆ ಕಿತ್ತುಹೋಯಿತು? ಇದಕ್ಕೆ ಅವನ ಬಳಿ ಉತ್ತರವಿರಲಿಲ್ಲ. ಉತ್ತರವಿಲ್ಲದೆ ಬಾಯಿ ತೆರೆಯುವ ಮನುಷ್ಯ ಅವನಲ್ಲ.

ಉತ್ತರ ಸಿಕ್ಕಿದ್ದು ಮಾರ್ಚ್ ತಿಂಗಳಲ್ಲಿ, ತಿರುಮಲನ ಮನೆಯ ಊಟದ ಮೇಜಿನ ಮೇಲೆ.

ಸಿದ್ಧಾರೂಢನಿಗೆ ಡಲ್ಲಾಸಿನಲ್ಲಿ ಕಂಪನಿ ಕೆಲಸವಿತ್ತು. ಪ್ರೇರಣಾಳೂ ಜೊತೆಗೆ ಹೊರಟಳು. ತಿರುಮಲನ ತಾಯಿ ಸುಶೀಲಮ್ಮನಿಗೂ ಅವಳಿಗೂ ಭಜನೆಯ ಆನ್‌ಲೈನ್ ತರಗತಿಯಲ್ಲಿ ಪರಿಚಯ. ಬರುತ್ತಿರುವ ವಿಷಯ ತಿಳಿದು ಆಕೆ ಶನಿವಾರದ ಊಟಕ್ಕೆ ಕರೆದರು. ಗಂಡಸರ ನಡುವಿನ ಜಗಳ ಆಕೆಗೆ ಗೊತ್ತಿರಲಿಲ್ಲ.

"ನಾ ಬರಂಗಿಲ್ಲ," ಎಂದಿದ್ದ ಸಿದ್ಧಾರೂಢ.

"ಅವರು ಶನಿವಾರ ಕ್ಲಾಸಿಗೆ ಹೋಗಿರ್ತಾರಂತ. ವಯಸ್ಸಾದಾಕಿ ಬಾಯಿಬಿಟ್ಟು ಕರದಾರ. ಒಂದು ತಾಸು ಕುಂತು ಎದ್ದು ಬರೋಣ್ರಿ."

ಪ್ಲೇನೋದ ಆ ಮನೆಯಲ್ಲಿ ಸುಶೀಲಮ್ಮ ಒಬ್ಬರೇ ಇದ್ದರು. ಎಪ್ಪತ್ತು ದಾಟಿದರೂ ಚುರುಕು. ಬಾಳೆಲೆ ಸಿಗಲಿಲ್ಲವೆಂದು ಬೇಸರ ಪಟ್ಟುಕೊಳ್ಳುತ್ತಲೇ ತಟ್ಟೆ ಹಾಕಿದರು. ಸಿದ್ಧಾರೂಢ ತಲೆ ತಗ್ಗಿಸಿ ಉಂಡ.

"ಏನಪ್ಪ, ಹಕ್ಕಿ ತಿಂದ ಹಾಗೆ ತಿಂತೀಯ. ಹಯಗ್ರೀವ ಇನ್ನೊಂದು ಸೌಟು ಹಾಕ್ತೀನಿ, ಬೇಡ ಅನ್ಬಾರ್ದು."

ಬಡಿಸಿದ ಮೇಲೆ ಆಕೆ ಟ್ಯಾಬ್ಲೆಟ್ ತಂದು ಪ್ರೇರಣಾಳಿಗೆ ಹಬ್ಬದ ಫೋಟೋಗಳನ್ನು ತೋರಿಸತೊಡಗಿದರು. ಗೊಂಬೆ, ಸರಸ್ವತಿ ಪೂಜೆ, ನಂತರ ಆಯುಧಪೂಜೆ. ಕಾರು, ಲ್ಯಾಪ್‌ಟಾಪು, ಮಿಕ್ಸಿ. ಮಣೆಯ ಮೇಲೆ ರೇಷ್ಮೆ ಬಟ್ಟೆ ಹಾಸಿ ಮಲಗಿಸಿದ ಪಿಸ್ತೂಲು, ಸುತ್ತ ಚೆಂಡುಹೂವು.

"ಇದನ್ನೂ ಇಟ್ಟಿದ್ರೇನ್ರಿ ಅಮ್ಮಾರ?" ಎಂದು ಪ್ರೇರಣಾ ನಕ್ಕಳು.

"ಆಯುಧಪೂಜೆ ಅಂದ್ಮೇಲೆ ಮನೇಲಿರೋ ನಿಜವಾದ ಆಯುಧ ಇದೊಂದೇ ಅಲ್ವೇನೆ? ತಿರು ಖಾಲಿ ಮಾಡಿ ಕೊಟ್ಟ. ಆದ್ರೆ ಇದಕ್ಕೆ ಮುಖ ಯಾವ ಕಡೆ ಅಂತ ತಿಳೀಲಿಲ್ಲ ನೋಡು. ಬಾಯಿರೋ ಕಡೇನೇ ಮುಖ ಅಂದ್ಕೊಂಡು ಅಲ್ಲೇ ಬೊಟ್ಟಿಟ್ಟೆ. ಅಂಚಿಗೆ ಇಟ್ಟಿದ್ದು ನಿಲ್ಲಲೇ ಇಲ್ಲ, ಜಾರ್‍ತಾ ಇತ್ತು. ಕಿರುಬೆರಳಲ್ಲಿ ಒಳಗೂ ಒಂದು ಸುತ್ತು ಸವರಿಬಿಟ್ಟೆ."

ಸಿದ್ಧಾರೂಢ ಫೋಟೋದ ಕಡೆ ಬಗ್ಗಿ ನೋಡಿದ. ನಲವತ್ತೈದು ಕ್ಯಾಲಿಬರ್ ಪಿಸ್ತೂಲು. ಸಣ್ಣ ಕೈಯವರ ಕಿರುಬೆರಳ ತುದಿ ಸಲೀಸಾಗಿ ಹೋಗುವಷ್ಟು ಬಾಯಿ.

"ಅಂಗಡಿ ಕುಂಕುಮ ಏನ್ರಿ ಅಮ್ಮಾರ?" ಎಂದು ಕೇಳಿದ. ಆ ಮನೆಯಲ್ಲಿ ಅವನಾಗಿ ಆಡಿದ ಮೊದಲ ಮಾತು ಅದು.

"ಅಂಗಡೀದು ಬರೀ ಬಣ್ಣ ಕಣಪ್ಪ, ದೇವರಿಗೆ ಅದನ್ನ ನಾನು ಮುಟ್ಸಲ್ಲ. ಅರಿಶಿನಕ್ಕೆ ಎಲೆಗೆ ಹಚ್ಚೋ ಸುಣ್ಣ ಕಲಸಿದ್ರೆ ಆಯ್ತು. ಎಂಥಾ ಕೆಂಪು ಬರತ್ತೆ."

"ಒಣಗಿದ ಮ್ಯಾಲ ಗಟ್ಟಿ ಆಗ್ತೈತೇನ್ರಿ?"

"ಕಲ್ಲಾಗತ್ತೆ. ಕಾರಿನ ಗಾಜಿಂದ ಬಿಡಿಸೋಕೆ ತಿರು ಬ್ಲೇಡು ತಗೊಂಡಿದ್ದ."

"ಮತ್ತ ಪಿಸ್ತೂಲಿಂದು?"

"ಒರೆಸಿದ್ನಲ್ಲ, ಮೇಲೆಲ್ಲ. ಯಾಕಪ್ಪ, ನಿಮ್ಮನೇಲೂ ಇಡ್ತೀರಾ?"

"ಇಡ್ತೇವ್ರಿ," ಎಂದ ಸಿದ್ಧಾರೂಢ. "ಹಯಗ್ರೀವ ಭಾಳ ಚಲೋ ಆಗೇತ್ರಿ. ಇನ್ನೊಂದೀಟು ಹಾಕ್ರಿ."

ಮರಳಿ ಬರುವಾಗ ಹೆದ್ದಾರಿಯಲ್ಲಿ ವೇಕೋ ಊರು ದಾಟುವಷ್ಟರಲ್ಲಿ ಅವನ ಲೆಕ್ಕ ತಾನಾಗಿ ಕೂಡಿತ್ತು. ಸುಣ್ಣ ಬ್ಯಾರೆಲ್ಲಿನ ಬಾಯೊಳಗೆ ಒಣಗಿ ಕಲ್ಲಾಗಿದೆ. ಪೂಜೆಯಾದ ಅದೇ ವಾರ ತಿರುಮಲ ಹೊರಗೆ ಒರೆಸಿ, ಒಳಗೆ ನೋಡದೆ, ರೇಂಜಿಗೆ ತಂದು ಗುಂಡು ಹಾಕಿದ್ದಾನೆ. ಬುಡದಿಂದ ತುದಿಯವರೆಗೆ ಚೆನ್ನಾಗಿ ಬಂದ ಗುಂಡುಗಳ ಕವಚವನ್ನು ಆ ಕಲ್ಲು ಒಂದೊಂದಾಗಿ ಕೆರೆದಿದೆ. ಕೆಳಗಿನ ಸೀಸ ಅಲ್ಲೇ ಮೆತ್ತಿದೆ. ಆ ಕೆಂಪಿನ ಬಹುಪಾಲು ಬಣ್ಣದ ಪುಡಿಯದಲ್ಲ.

"ನಿಮ್ಮ ಮಾರಿ ನೋಡಿದ್ರ ಗೊತ್ತಾಗ್ತೈತಿ," ಎಂದಳು ಪ್ರೇರಣಾ. "ಎಲ್ಲಾ ಆ ಬೊಟ್ಟಿನಿಂದನ ಆಗೇತಿ, ಹೌದಲ್ಲ?"

"ಹೂಂ."

"ಹಂಗಾರ ನಾಳೆ ಫೋನ್ ಮಾಡಿ ಹೇಳಿಬಿಡ್ರಿ. ಮುಗೀತು."

"ಫೋನಿನ್ಯಾಗ ಕೇಳೋರು ಯಾರು? ಅವನೊಬ್ಬನ. ನಕ್ಕವರು ಇಪ್ಪತ್ತು ಮಂದಿ."

"ಆ ಅಮ್ಮಾರು ನಿಮಗ ಎರಡು ಸಲ ಬಡಿಸ್ಯಾರ್ರಿ. ಅವರನ್ನ ನಡುವ ತರಬ್ಯಾಡ್ರಿ."

ಅವನು ಕಾರಿನ ವೇಗ ಹೆಚ್ಚಿಸಿದ.

ಜುಲೈಯಲ್ಲಿ ಗುಂಪಿನ ವಾಟ್ಸ್ಯಾಪಿಗೆ ಸಿದ್ಧಾರೂಢ ಒಂದು ಸಂದೇಶ ಹಾಕಿದ. ಆಗಸ್ಟಿನಲ್ಲಿ ಶುಗರ್ ಲ್ಯಾಂಡಿನ ಡಾಕ್ಟರ್ ಅಭಿರಾಮ ಅವರ ಗ್ಯಾರೇಜಿನಲ್ಲಿ ಲೇಪದ ವಿಧಾನಗಳನ್ನು ಎಲ್ಲರ ಎದುರು ಹೋಲಿಸಿ ನೋಡೋಣ. ತೀರ್ಪು ಹೇಳಲು ತಿರುಮಲ ಅವರೇ ಬರಬೇಕು. ಹೋದ ವರ್ಷದ ಬಟ್ಟೆಯ ಚೂರನ್ನೂ ತರಬೇಕು, ಹೋಲಿಕೆಗೆ ಬೇಕಾಗುತ್ತದೆ. ತಿರುಮಲ ನಗುವ ಮುಖಗಳ ಸಾಲು ಕಳಿಸಿ, "ತೀರ್ಪುಗಾರರಿಗೆ ರೇನ್‌ಕೋಟ್ ನೀವೇ ಕೊಡ್ತೀರಾ, ನಾನೇ ತರಬೇಕಾ?" ಎಂದು ಬರೆದ.

ದಿನ ಆರಿಸಿದವನು ಸಿದ್ಧಾರೂಢ. ಅದು ರಾಯರ ಆರಾಧನೆಯ ವಾರಾಂತ್ಯ. ಆರಾಧನೆಗೆ ಹ್ಯೂಸ್ಟನ್ನಿಗೆ ಬರುವುದಾಗಿಯೂ ಅಭಿರಾಮನ ಮನೆಯಲ್ಲೇ ಉಳಿಯುವುದಾಗಿಯೂ ಸುಶೀಲಮ್ಮ ಭಜನೆ ತರಗತಿಯಲ್ಲಿ ಪ್ರೇರಣಾಳಿಗೆ ಹೇಳಿದ್ದರು.

ಆ ಶನಿವಾರ ಶುಗರ್ ಲ್ಯಾಂಡಿನಲ್ಲಿ ಗಾಳಿಯನ್ನು ಹಿಂಡಿದರೆ ನೀರು ಬರುವಂತಿತ್ತು. ಗ್ಯಾರೇಜಿನ ಬಾಗಿಲು ಎತ್ತಿ ದೊಡ್ಡ ಫ್ಯಾನು ಹಚ್ಚಿದ್ದರು. ಮೂರೂ ಊರಿನವರು ಮಡಚುವ ಕುರ್ಚಿಗಳಲ್ಲಿ ಕೂತಿದ್ದರು. ದೇವಸ್ಥಾನದಿಂದ ಬಂದ ಸುಶೀಲಮ್ಮ ಮನೆಯೊಳಗಿನ ಬಾಗಿಲ ಹತ್ತಿರ, ತಂಪು ಬರುವ ಕಡೆ, ಮಡಿಲಲ್ಲಿ ಎಲೆ ಅಡಿಕೆ ಡಬ್ಬಿ ಇಟ್ಟುಕೊಂಡು ಕೂತರು. ಸಿದ್ಧಾರೂಢ ಕೈಗವಸು ಹಾಕಿಕೊಂಡು ಕೆಲಸ ಶುರುಮಾಡಿದ.

ಮೊದಲು ಕುಲುಕುವ ವಿಧಾನ. ಅವನು ಡಬ್ಬಿ ಕುಲುಕಿದ, ಮುಚ್ಚಳ ತೆಗೆದ, ಮತ್ತೆ ಕುಲುಕಿದ. ಪುಡಿ ಗುಂಡಿಗೆ ಹತ್ತಲೊಲ್ಲದು. ಅಲ್ಲಲ್ಲಿ ಬೋಳು, ಅಲ್ಲಲ್ಲಿ ಗಂಟು. ಹೊರಗೆ ಬಂದ ಗುಂಡುಗಳು ಸಿಡುಬು ಬಂದಂತೆ ಕಂಡವು.

ತಿರುಮಲ ಒಂದನ್ನು ಎತ್ತಿ ಬೆಳಕಿಗೆ ಹಿಡಿದ. "ಇದನ್ನೇ ನೋಡಿ ನನಗೆ ಕೊಟ್ಟಿದ್ದು. ನಾನು ಹೇಳಿದ್ರೆ ನಂಬ್ತಿರ್ಲಿಲ್ಲ."

"ಹವಾದಾಗ ನೀರು ಭಾಳ ಇದ್ರ ಸ್ಥಿರ ವಿದ್ಯುತ್ ನಿಲ್ಲಂಗಿಲ್ರಿ," ಎಂದ ಸಿದ್ಧಾರೂಢ. "ಆಸ್ಟಿನ್‌ದಾಗ ಚಳಿಗಾಲಕ್ಕ ಹತ್ತೋದು ಇಲ್ಲಿ ಆಗಸ್ಟಿನ್ಯಾಗ ಹತ್ತಂಗಿಲ್ಲ. ಹ್ಯೂಸ್ಟನ್‌ನವರು ದ್ರವ ಲೇಪ ಹಚ್ಚೋದು ಶಾಣ್ಯಾತನ. ನನ್ನ ವಿಧಾನ ಇಲ್ಲಿ ಸೋತಿತು. ಬರಕೊಳ್ರಿ."

"ಒಪ್ಕೊಂಡ್ರಲ್ಲ, ದೊಡ್ಡ ಮನಸ್ಸು," ಎಂದ ತಿರುಮಲ. ಹಿಂದಿನಿಂದ ಯಾರೋ, "ಹೋಳಿ ದಿನ ಮಳೆ ಬಂತು" ಎಂದರು. ನಗು ಎದ್ದಿತು. ಸಿದ್ಧಾರೂಢ ನಗು ಮುಗಿಯುವವರೆಗೂ ಕಾದ. ಸೋಲು ಹೀಗೇ ಆಗುತ್ತದೆಂದು ಅವನಿಗೆ ಮೊದಲೇ ಗೊತ್ತಿತ್ತು. ನಗಲಿ ಎಂದೇ ಅದನ್ನು ಮೊದಲಿಗೆ ಇಟ್ಟಿದ್ದ.

ಸ್ಪ್ರೇ ಗನ್ನಿನ ಗುಂಡುಗಳು ಚೆನ್ನಾಗಿ ಬಂದವು. ದ್ರವ ಲೇಪದವು ಇನ್ನೂ ಚೆನ್ನಾಗಿ. ಮೂರರ ಜೊತೆಗೆ ಸಿದ್ಧಾರೂಢ ಎರಡು ಚಳಿಗಾಲದ ಹಿಂದೆ ಸೀಡರ್ ಪಾರ್ಕಿನ ಮನೆಯಲ್ಲಿ ಕುಲುಕಿ ಬೇಯಿಸಿದ್ದ ಗುಂಡುಗಳನ್ನೂ ಇಟ್ಟು, ಅಭಿರಾಮ ಎಲ್ಲವನ್ನೂ ಬಣ್ಣ ಕರಗಿಸುವ ಅಸಿಟೋನ್ ಹಚ್ಚಿ ಉಜ್ಜಿದ, ಸುತ್ತಿಗೆಯಿಂದ ಚಪ್ಪಟೆಯಾಗುವಂತೆ ಬಡಿದ. ಚಳಿಗಾಲದ ಗುಂಡುಗಳ ಬಣ್ಣ ಒಂದು ಕಡೆಯೂ ಎದ್ದಿರಲಿಲ್ಲ.

"ಇವು ಹೋದ ವರ್ಷ ನಿಮಗ ಕೊಟ್ಟ ಅದ ಡಬ್ಬಿವು," ಎಂದ ಸಿದ್ಧಾರೂಢ. "ನೀವು ವಾಪಸ್ ಇಟ್ಟು ಹೋಗಿದ್ರಲ್ಲ, ಅವು."

ಈಗ ನಗು ಬರಲಿಲ್ಲ. ತಿರುಮಲ ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು ಮೇಜಿನ ಮೇಲೆ ಒಗೆದ. "ಹಾಗಾದ್ರೆ ಇದು ಎಲ್ಲಿಂದ ಬಂತು?"

"ಅದನ್ನ ನೋಡೋಣಂತ ಬಂದದ್ದು. ಅಭಿರಾಮ ಅವರ, ಒಂದು ಲಿಂಬಿಹಣ್ಣು ಕೊಡಸ್ರಿ. ಒಂಚೂರು ಅರಿಶಿಣಾನೂ." ನಂತರ ಸಿದ್ಧಾರೂಢ ಬಾಗಿಲ ಕಡೆ ತಿರುಗಿದ. ಗುಂಪಿನ ಹಿಂದೆ ನಿಂತಿದ್ದ ಪ್ರೇರಣಾ ಅವನನ್ನೇ ನೋಡುತ್ತಿದ್ದಳು. "ಅಮ್ಮಾರ, ನಿಮ್ಮ ಡಬ್ಬ್ಯಾಗಿಂದ ಒಂಚೂರು ಸುಣ್ಣ ಕೊಡ್ತೀರೇನ್ರಿ?"

"ತಗೋಪ್ಪ, ಅದಕ್ಕೇನು," ಎಂದು ಸುಶೀಲಮ್ಮ ಸಂತೋಷದಿಂದಲೇ ಡಬ್ಬಿ ಚಾಚಿದರು.

ಅವನು ಬಿಳಿ ಬಟ್ಟೆಯ ಎರಡು ಹೊಸ ಚೂರು ತೆಗೆದುಕೊಂಡ. ಒಂದಕ್ಕೆ ತನ್ನ ಕೆಂಪು ಪುಡಿಯನ್ನು ಹಸಿಯಾಗಿಯೇ ತಿಕ್ಕಿದ. ಇನ್ನೊಂದರ ಮೇಲೆ ಅರಿಶಿನಕ್ಕೆ ಸುಣ್ಣ ಕಲಸಿ ಸವರಿದ; ಅದೂ ಕೆಂಪಾಯಿತು. ಎರಡರ ನಡುವೆ ತಿರುಮಲನ ಚೂರು ಇಟ್ಟ. ಅದರ ಬಣ್ಣ ತುಸು ಕಂದಿತ್ತು. ಮೂರನ್ನೂ ನೋಡಿ ಎಂದು ಎಲ್ಲರನ್ನೂ ಹತ್ತಿರ ಕರೆದ. ಹಣ್ಣು ಕೊಯ್ದು ಮೊದಲ ಚೂರಿನ ಮೇಲೆ ಹಿಂಡಿದ.

"ಬಣ್ಣದ ಪುಡಿ. ಕೆಂಪ ಉಳೀತು."

ಎರಡನೆಯದರ ಮೇಲೆ ಹಿಂಡಿದ. ಕೆಂಪು ಕ್ಷಣದಲ್ಲಿ ಹಳದಿಯಾಯಿತು.

"ಅರಿಶಿಣ, ಸುಣ್ಣ. ಹುಳಿ ಬಿದ್ರ ಸುಣ್ಣದ ಕಸುವು ಹೋಗಿ ಅರಿಶಿಣ ತನ್ನ ಬಣ್ಣಕ್ಕ ತಿರಗತೈತಿ."

ಕೊನೆಯದಾಗಿ ತಿರುಮಲನ ಚೂರು. ರಸ ಬಿದ್ದ ಕಡೆ, ಒಣಗಿ ಕಲ್ಲಾಗಿದ್ದ ಸುಣ್ಣದಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದು ಒಡೆದವು. ಕಂದಿದ ಕೆಂಪಿನ ನಡುವಿನಿಂದ ಹಳದಿ ಹರಡುತ್ತಾ ಅಂಚಿಗೆ ಬಂತು. ಅಲ್ಲೊಂದು ಇಲ್ಲೊಂದು ಕೆಂಪು ಕಣ ಮಾತ್ರ ಹಾಗೇ ಉಳಿಯಿತು.

"ಆ ಕಣ ನನ್ನವು," ಎಂದ ಸಿದ್ಧಾರೂಢ. "ಉಳಿದಿದ್ದು ನನ್ನದಲ್ಲ."

ತಿರುಮಲ ಚೂರನ್ನು ಎತ್ತಿ ಮೂಗಿನ ಹತ್ತಿರ ಹಿಡಿದ. "ನನ್ ಬ್ಯಾರೆಲ್ಲಿಗೆ ಅರಿಶಿನ ಎಲ್ಲಿಂದ ಬರತ್ತೆ?"

"ಆ ಪಿಸ್ತೂಲೇನೋ ತಿರು?" ಎಂದರು ಸುಶೀಲಮ್ಮ ಕೂತಲ್ಲಿಂದಲೇ. "ಆಯುಧಪೂಜೆ ದಿನ ನಾನೇ ಅಲ್ವಾ ಬೊಟ್ಟಿಟ್ಟಿದ್ದು. ಬಾಯೊಳಗೂ ಸವರಿದ್ದೆನಲ್ಲ."

ತಿರುಮಲ ಚೂರನ್ನು ಮೇಜಿನ ಮೇಲೆ ಹಾಕಿದ. "ಒಳಗ್ಯಾಕಮ್ಮ ಹಚ್ಚೋಕೆ ಹೋದೆ? ಗನ್ನಿನ ಬಾಯಿಗೆ ಯಾರಾದ್ರೂ ಸುಣ್ಣ ಹಚ್ತಾರಾ? ಬುದ್ಧಿ ಬೇಡ್ವಾ?" ಅವನು ಗುಂಪಿನ ಕಡೆ ತಿರುಗಿದ. "ನೋಡಿ, ನಂಗೆ ಗೊತ್ತೇ ಇರ್ಲಿಲ್ಲ. ಅಮ್ಮನಿಂದ ಆದ ತಪ್ಪು. ವಯಸ್ಸಾಗಿದೆ."

ಸುಶೀಲಮ್ಮ ಸೆರಗು ಸರಿಮಾಡಿಕೊಂಡು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು. ಅಲ್ಲಿಗೆ ಬಿಟ್ಟಿದ್ದರೆ ಸಿದ್ಧಾರೂಢನ ಹೆಸರು ಅವನಿಗೆ ಮರಳಿ ಬರುತ್ತಿತ್ತು. ಅವನು ಬಿಡಲಿಲ್ಲ.

"ಅವರ ತಪ್ಪಲ್ರಿ. ಅವರಿಗೆ ಪೂಜಿ ಮಾಡೋದು ಗೊತ್ತು, ಮಾಡ್ಯಾರ. ಕೈಗೆ ತಗೊಂಡ ತಕ್ಷಣ ಖಾಲಿ ಐತೇನು ನೋಡ್ರಿ. ಹೊಡಿಯೋಕ್ಕಿಂತ ಮೊದಲ ಬ್ಯಾರೆಲ್ ಬಿಚ್ಚಿ ಒಳಗ ನೋಡ್ರಿ. ಇದು ಯಾರ ಪಾಠರಿ?"

ಗುಂಪಿನಲ್ಲಿ ತಿರುಮಲನ ತರಗತಿಯಲ್ಲಿ ಕಲಿತವರು ಅರ್ಧಕ್ಕಿಂತ ಹೆಚ್ಚಿದ್ದರು.

"ಕಾರಿನ ಗಾಜಿಗೆ ಬ್ಲೇಡ್ ತಗೊಂಡ್ರಿ. ಪಿಸ್ತೂಲಿನ ಹೊರಗ ಒರಿಸಿದ್ರಿ. ಒಳಗ ನೋಡಲಾರದ ಗುಂಡು ಹಾಕಿದ್ರಿ. ಆಮ್ಯಾಲ ಹತ್ತು ತಿಂಗಳು ಕ್ಲಾಸಿನ್ಯಾಗ ನಿಮ್ಮ ತಪ್ಪನ್ನ ಚೀಲದಾಗ ಹಾಕಿ ನನ್ನ ತಪ್ಪಂತ ತೋರಿಸಿದ್ರಿ. ನೋಡದ ಹೊಡಿಯೋನಿಗೆ ನಿಮ್ಮ ಕ್ಲಾಸಿನ್ಯಾಗ ಜಾಗ ಇಲ್ಲಂತೀರಿ. ಈಗ ಹೇಳ್ರಿ, ಕಲಸೋರು ಯಾರು?"

ಅಭಿರಾಮ ಮೆಲ್ಲಗೆ, "ಸಾಕು ಬಿಡಿ ಸರ್," ಎಂದ.

"ನನ್ ಕಡೆಯಿಂದ ತಪ್ಪಾಗಿದೆ," ಎಂದ ತಿರುಮಲ ಕೊನೆಗೆ. ಧ್ವನಿ ಕುಗ್ಗಿತ್ತು. "ಗ್ರೂಪಲ್ಲಿ ಬರೆದು ಹಾಕ್ತೀನಿ."

"ಗ್ರೂಪಿನ್ಯಾಗ ಬ್ಯಾಡ. ಅಕ್ಟೋಬರದಾಗ, ಅದ ರೇಂಜಿನ್ಯಾಗ, ಅದ ಮಂದಿ ಮುಂದ ಹೇಳ್ರಿ. ಇವತ್ತು ಬರದ ಇರೋರೂ ಇದಾರಲ್ಲ, ಅವರೂ ನಕ್ಕಿದ್ರು."

ಸಿದ್ಧಾರೂಢ ಕೈಗವಸು ತೆಗೆದು, ಕೈ ತೊಳೆದು, ಸುಣ್ಣದ ಡಬ್ಬಿಯನ್ನು ಸುಶೀಲಮ್ಮನಿಗೆ ಮರಳಿಸಲು ಹೋದ. ಆಕೆ ಅದನ್ನು ತಕ್ಷಣ ತೆಗೆದುಕೊಳ್ಳಲಿಲ್ಲ.

"ಅವತ್ತು ನಮ್ಮನೇಲಿ ಊಟಕ್ಕೆ ಕೂತಾಗಲೇ ನಿನಗೆ ಇದು ಗೊತ್ತಾಯ್ತಾ?"

"ಹೌದ್ರಿ ಅಮ್ಮಾರ."

"ಆಗಲೇ ಹೇಳಬಹುದಿತ್ತು. ಮಗನಿಗೆ ನಾನೇ ಎರಡು ಬೈದು, ನಿನ್ನ ಹತ್ರ ಕಳಿಸ್ತಿದ್ದೆ."

"ಹೇಳಬಹುದಿತ್ರಿ."

"ಅದಕ್ಕೇ ಇನ್ನೊಂದ್ ಸೌಟು ಹಾಕಿಸ್ಕೊಂಡೆ ಅನ್ನು," ಎಂದು ಆಕೆ ಡಬ್ಬಿ ತೆಗೆದುಕೊಂಡು ಒಳಗೆ ಹೋದರು.

ಆಸ್ಟಿನ್ನಿಗೆ ಮರಳುವ ದಾರಿಯಲ್ಲಿ ಪ್ರೇರಣಾ ಹಿಂದಿನ ಸೀಟಿನಲ್ಲಿ ಕೂತಳು. ಬೆನ್ನು ನೋವು, ಕಾಲು ಚಾಚಬೇಕು ಎಂದಳು. ಅವನು ಒಬ್ಬನೇ ಮುಂದೆ ಕೂತು ಡ್ರೈವ್ ಮಾಡಿದ. ಫೋನು ಒಂದೇ ಸಮನೆ ಟಿಂಗುಟ್ಟುತ್ತಿತ್ತು. ಕಾರ್ಖಾನೆಯ ಇಬ್ಬರೂ ಸಂದೇಶ ಕಳಿಸಿದ್ದರು. ದೀಪಾವಳಿಯ ಸಾಲಿನಲ್ಲಿ ಹಿಂದಿನಿಂದ ಮಾತಾಡಿದ್ದವನೂ.

ಅಕ್ಟೋಬರಿನಲ್ಲಿ ವಿಜಯದಶಮಿಯ ನಂತರದ ಶನಿವಾರ ರೇಂಜಿನ ಮಾಡಿನ ಕೆಳಗೆ ಎಂದಿಗಿಂತ ಹೆಚ್ಚು ಜನ ಇದ್ದರು. ತಿರುಮಲ ಬಂದಿದ್ದ. ಬರುವುದಿಲ್ಲ ಎಂದುಕೊಂಡಿದ್ದವರು ಬಹಳ ಮಂದಿ. ಅವನು ಎದ್ದು ನಿಂತು, ಹೋದ ವರ್ಷ ಸಿದ್ಧಾರೂಢ ಅವರ ಗುಂಡಿನ ಮೇಲೆ ತಾನು ಹೊರಿಸಿದ ಆರೋಪ ಸುಳ್ಳೆಂದೂ, ಬ್ಯಾರೆಲ್ ನೋಡದೆ ಹೊಡೆದದ್ದು ತನ್ನ ತಪ್ಪೆಂದೂ, ತರಗತಿಯಲ್ಲಿ ಆ ಚೂರು ತೋರಿಸುವುದನ್ನು ನಿಲ್ಲಿಸಿರುವುದಾಗಿಯೂ ಹೇಳಿದ. ಮಾತು ಚಿಕ್ಕದಾಗಿತ್ತು, ಸ್ಪಷ್ಟವಾಗಿತ್ತು. ಯಾರೋ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು.

"ಅಮ್ಮಾರು ಬರಲಿಲ್ಲೇನ್ರಿ?" ಎಂದು ಕೇಳಿದ ಸಿದ್ಧಾರೂಢ.

"ಇಲ್ಲ. ಈ ಸಲ ಆಯುಧಪೂಜೆಗೆ ಕಾರೂ ಬೇಡ, ಏನೂ ಬೇಡ ಅಂದ್ರು. ದೇವರ ಮುಂದೆ ದೀಪ ಹಚ್ಚಿ ಸುಮ್ನಾದ್ರು."

ಸಿದ್ಧಾರೂಢ ತಲೆಯಾಡಿಸಿದ. ತನ್ನ ಮೇಜಿನ ಮೇಲಿನ ಕೆಂಪು ಗುಂಡಿನ ಡಬ್ಬಿಗಳನ್ನು ನೋಡಿದ. ಪ್ರೇರಣಾ ಈ ಬಾರಿ ಬಂದಿರಲಿಲ್ಲ. ಅವನು ಅಂಗೈ ಚಾಚಿದ.

"ಬ್ಯಾರೆಲ್ ಬಿಚ್ಚಿ ಕೊಡ್ರಿ."

ತಿರುಮಲನಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಆಮೇಲೆ ಪಿಸ್ತೂಲು ಖಾಲಿ ಇರುವುದನ್ನು ತೋರಿಸಿ, ಬಿಚ್ಚಿ, ಬ್ಯಾರೆಲ್ಲನ್ನು ಅವನ ಕೈಗೆ ಇಟ್ಟ. ಸಿದ್ಧಾರೂಢ ಅದನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿದ. ಬುಡದಿಂದ ನೋಡಿದ. ತಿರುಗಿಸಿ ತುದಿಯಿಂದ ನೋಡಿದ. ಕನ್ನಡಿಯಂತೆ ಹೊಳೆಯುತ್ತಿತ್ತು, ತೊಳೆದು, ಎಣ್ಣೆ ಹಾಕಿ, ಮತ್ತೆ ಒರೆಸಿದ ಬ್ಯಾರೆಲ್. ಮೊದಲ ನೋಟಕ್ಕೇ ಅದು ಗೊತ್ತಾಗಿತ್ತು. ಅವನು ಬಿಳಿ ಬಟ್ಟೆಯ ಚೂರೊಂದನ್ನು ಕಡ್ಡಿಗೆ ಸಿಕ್ಕಿಸಿ ಒಳಗೆ ತಿರುವಿದ. ಬಟ್ಟೆ ಬಿಳಿಯಾಗಿಯೇ ಹೊರಗೆ ಬಂತು. ಬಟ್ಟೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

ಬ್ಯಾರೆಲ್ಲನ್ನು ಅವನು ತಿರುಮಲನಿಗೆ ಮರಳಿಸಲಿಲ್ಲ. ಏನೂ ಹೇಳದೆ ಪಕ್ಕದವರ ಕೈಗೆ ಕೊಟ್ಟ. ಅವರು ಅವನ ಮುಖ ನೋಡಿದರು, ತಿರುಮಲನ ಮುಖ ನೋಡಿದರು, ಆಮೇಲೆ ಬ್ಯಾರೆಲ್ಲನ್ನು ಕಣ್ಣಿಗೆ ಹಿಡಿದು ಮುಂದಿನವರಿಗೆ ದಾಟಿಸಿದರು. ಕೈಯಿಂದ ಕೈಗೆ ಅದು ನಿಧಾನವಾಗಿ ಹೋಯಿತು. ಯಾರೂ ನಗಲಿಲ್ಲ. ಬ್ಯಾರೆಲ್ ಇಲ್ಲದ ಪಿಸ್ತೂಲು ಹಿಡಿದು ತಿರುಮಲ ನಡುವೆ ನಿಂತಿದ್ದ. ಸಾಲಿನ ತುದಿಯಲ್ಲಿದ್ದ ಅಭಿರಾಮ ಮಾತ್ರ ಬ್ಯಾರೆಲ್ ಕೈಗೆ ಬಂದಾಗ ಒಳಗೆ ನೋಡದೆ, ಸಿದ್ಧಾರೂಢನ ಕಡೆ ನೋಡಿದ. ಈಗ ಸಾಕು ಎಂದು ಹೇಳಬೇಕಾದವನು ಸಿದ್ಧಾರೂಢನೊಬ್ಬನೇ.

"ನೋಡ್ರಿ ಡಾಕ್ಟರ್," ಎಂದ ಸಿದ್ಧಾರೂಢ. "ನೋಡಲಾರದ ಕೊಡಬಾರದು."